ಪಾದದಡಿಯ ಚುಕ್ಕಾಣಿ

ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹವ್ಯಾಸ ಈಗ ನಗರದ ಹುಡುಗರಿಗೂ, ಹುಡುಗರಿಗಿಂತ ಒಂದು ಕೈ ಮಿಗಿಲಾದ ಉತ್ಸಾಹವುಳ್ಳ ಅವರ ತಂದೆಯರಿಗೂ ಹಿಡಿದಿರುವ ಗೀಳು. ಪರದೆಯ ಮೇಲೆ ಓಡುಹಾದಿ ತೆರೆದುಕೊಳ್ಳುತ್ತದೆ, ಎಂಜಿನು ಮೊರೆಯುತ್ತದೆ, ಒಂಟಿ ಎಂಜಿನಿನ ಪುಟ್ಟ ವಿಮಾನ ವೇಗವನ್ನು ಕೂಡಿಸಿಕೊಳ್ಳುತ್ತ ಮುಂದೋಡುತ್ತದೆ. ಅಷ್ಟರಲ್ಲಿ, ಯಾರೂ ಏನೂ ಮಾಡದಿದ್ದರೂ, ಅದರ ಮೂತಿ ಎಡಕ್ಕೆ ತಿರುಗತೊಡಗಿ, ನೋಡನೋಡುತ್ತಿರುವಂತೆಯೇ ವಿಮಾನ ಹಾದಿ ಬಿಟ್ಟು ಹುಲ್ಲಿಗಿಳಿಯುತ್ತದೆ. "ಈ ಆಟದಲ್ಲೇ ಏನೋ ಐಬಿದೆ, ಅಪ್ಪಾ" ಎಂದು ಹುಡುಗ ತೀರ್ಪು ಕೊಡುತ್ತಾನೆ. ಅಪ್ಪನೂ ಕನ್ನಡಕವನ್ನು ಸರಿಪಡಿಸಿಕೊಂಡು ಅದನ್ನೇ ಅನುಮೋದಿಸುತ್ತಾನೆ.

ಐಬು ಆಟದ್ದಲ್ಲ. ಆ ಗಳಿಗೆಯಲ್ಲಿ ಯಂತ್ರ ಸತ್ಯವನ್ನೇ ನುಡಿಯುತ್ತಿರುತ್ತದೆ. ಮೂತಿಯಲ್ಲಿ ತಿರುಗುವ ಪ್ರೊಪೆಲರು ಗಾಳಿಯನ್ನು ನೆಟ್ಟಗೆ ಹಿಂದಕ್ಕೆ ತಳ್ಳುವುದಿಲ್ಲ; ಸುರುಳಿ ಸುತ್ತಿ ಎಸೆಯುತ್ತದೆ. ಆ ಸುರುಳಿಗಾಳಿ ಬಾಲದ ಮೇಲೆ ನಿಂತ ರೆಕ್ಕೆಯ ಎಡಮಗ್ಗುಲಿಗೆ ಬಡಿದು ಬಾಲವನ್ನು ಬಲಕ್ಕೂ, ಅದರಿಂದಾಗಿ ಮೂತಿಯನ್ನು ಎಡಕ್ಕೂ ನೂಕುತ್ತದೆ. ನಿಜವಾದ ವಿಮಾನದಲ್ಲಿ ಕುಳಿತವನು ಇದನ್ನು ಬಲಗಾಲಿನಿಂದ ಸರಿಪಡಿಸುತ್ತಾನೆ. ಅವನ ಪಾದಗಳಡಿಯಲ್ಲಿ ಎರಡು ಪೆಡಲುಗಳಿವೆ. ಬಲದ್ದನ್ನು ಒತ್ತಿದರೆ ಬಾಲದ ನಿಲುವು ರೆಕ್ಕೆಯ ಹಿಂದಿರುವ ಹಲಗೆ ಬಲಕ್ಕೆ ಹೊರಳುತ್ತದೆ, ಮೂತಿ ಮತ್ತೆ ಹಾದಿಯ ನಡುಗೆರೆಗೆ ಬರುತ್ತದೆ. ಆ ಹಲಗೆಯೇ ಚುಕ್ಕಾಣಿ. ಮನೆಯ ಮೇಜಿನ ಕೆಳಗೆ ಪೆಡಲುಗಳಿಲ್ಲವಾದ್ದರಿಂದ ಹುಡುಗನ ಕಾಲುಗಳು ಸುಮ್ಮನೆ ಕುರ್ಚಿಯಿಂದ ಜೋತಾಡುತ್ತಿರುತ್ತವೆ. ದೋಷ ಬಂದುದು ಅಲ್ಲಿಂದ.

ಚುಕ್ಕಾಣಿ ಎಂಬ ಮಾತಿನ ಬಗೆಗೆ ಇಲ್ಲೇ ಒಂದು ಎಚ್ಚರಿಕೆ ಹೇಳಬೇಕು. ಅದು ದೋಣಿಯಿಂದ ಬಂದ ಮಾತು. ದೋಣಿಯನ್ನು ತಿರುಗಿಸುವುದು ಚುಕ್ಕಾಣಿಯೇ ಆದ್ದರಿಂದ ವಿಮಾನವನ್ನೂ ಅದೇ ತಿರುಗಿಸುತ್ತದೆಂದು ಬಹು ಮಂದಿ ತಿಳಿದಿರುತ್ತಾರೆ. ಹಾಗಲ್ಲ. ವಿಮಾನ ತಿರುಗುವುದು ಮಗ್ಗುಲಿಗೆ ವಾಲುವುದರಿಂದ. ಸೈಕಲ್ ಸವಾರ ತಿರುವಿನಲ್ಲಿ ಮೈಯನ್ನು ಓರೆ ಮಾಡಿದಂತೆ. ರೆಕ್ಕೆಗಳ ತುದಿಯಲ್ಲಿರುವ ಐಲೆರಾನ್ ಎಂಬ ಚಿಕ್ಕ ಹಲಗೆಗಳಲ್ಲಿ ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಹೊರಳಿ ವಿಮಾನವನ್ನು ವಾಲಿಸುತ್ತವೆ. ಚುಕ್ಕಾಣಿಯ ಕೆಲಸ ತಿರುಗಿಸುವುದಲ್ಲ, ತಿರುಗುವಾಗ ಆಗುವ ಅಪಚಾರವನ್ನು ತಿದ್ದುವುದು. ಆ ಅಪಚಾರ ಎಂಥದೆಂಬುದನ್ನು ಜಗತ್ತಿನಲ್ಲಿ ಮೊದಲು ಮೈಮೇಲೆ ತಂದುಕೊಂಡವರು ಅಮೆರಿಕದ ರೈಟ್ ಸೋದರರು.

1902ರಲ್ಲಿ ಕಿಟ್ಟಿ ಹಾಕ್ ಬಳಿಯ ಮರಳುದಿಬ್ಬಗಳ ಮೇಲೆ ಅವರು ಎಂಜಿನಿಲ್ಲದ ತೇಲುವಿಮಾನವೊಂದನ್ನು ಪ್ರಯೋಗಿಸುತ್ತಿದ್ದರು. ಅದರ ಹಿಂಭಾಗದಲ್ಲಿ ಅಲುಗಾಡದ ಎರಡು ನಿಲುವು ಹಲಗೆಗಳಿದ್ದುವು. ರೆಕ್ಕೆಗಳನ್ನು ತಿರುಚಿ ವಿಮಾನವನ್ನು ವಾಲಿಸಿದಾಗ, ಮೇಲೆದ್ದ ರೆಕ್ಕೆ ಹೆಚ್ಚು ಎತ್ತುವ ಬಲವನ್ನು ಪಡೆಯುವುದರ ಜೊತೆಗೆ ಗಾಳಿಯ ಹೆಚ್ಚು ಎಳೆತಕ್ಕೂ ಸಿಕ್ಕಿ ಹಿಂದೆ ಬೀಳುತ್ತಿತ್ತು. ಹೀಗಾಗಿ ಎಡಕ್ಕೆ ತಿರುಗಬೇಕೆಂದು ವಾಲಿಸಿದರೆ ಮೂತಿ ಬಲಕ್ಕೆ ಹೋಗುವುದು! ಕೆಲವೊಮ್ಮೆ ವಿಮಾನ ಕೆಳಗಿನ ಮಗ್ಗುಲಿಗೆ ಜಾರಿ, ರೆಕ್ಕೆಯ ತುದಿ ಮರಳಿಗೆ ಚುಚ್ಚಿಕೊಂಡು ಗರಗರ ತಿರುಗಿ ನಿಲ್ಲುತ್ತಿತ್ತು. ಸೋದರರು ಅದನ್ನು 'ಬಾವಿ ತೋಡುವುದು' ಎಂದು ತಮಾಷೆಯಾಗಿ ಕರೆದರು. ಅಕ್ಟೋಬರಿನ ಒಂದು ರಾತ್ರಿ ಕಾಫಿ ಹೆಚ್ಚಾಗಿ ನಿದ್ದೆ ಬಾರದೆ ಹೊರಳಾಡುತ್ತಿದ್ದ ಆರ್ವಿಲ್‌ಗೆ ಆ ಹಲಗೆಗಳು ಅಲುಗಾಡುವಂತಿರಬೇಕೆಂಬ ಯೋಚನೆ ಹೊಳೆಯಿತು. ಬೆಳಗ್ಗೆ ಅಣ್ಣನಿಗೆ ಹೇಳಿದ. ವಿಲ್ಬರ್ ಅದನ್ನು ಒಪ್ಪಿದ್ದಲ್ಲದೆ, ರೆಕ್ಕೆ ತಿರುಚುವ ತಂತಿಗೇ ಈ ಚುಕ್ಕಾಣಿಯನ್ನೂ ಕಟ್ಟಿಬಿಟ್ಟರೆ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆಂದು ಸೂಚಿಸಿದ. ಕಾಫಿಯ ಮಹಿಮೆಯನ್ನು ಬಲ್ಲ ನಮ್ಮ ಸೀಮೆಯವರು ಈ ಕಥೆಯನ್ನು ನಂಬಲು ಹಿಂಜರಿಯಲಾರರು. 1905ರ ಹೊತ್ತಿಗೆ ಸೋದರರು ಆ ಕಟ್ಟನ್ನು ಬಿಚ್ಚಿ, ಚುಕ್ಕಾಣಿಯನ್ನು ಬೇರೆಯಾಗಿಯೇ ಹಿಡಿಯತೊಡಗಿದ್ದರು. ಕೆಲವು ಸನ್ನಿವೇಶಗಳಲ್ಲಿ ಎರಡೂ ಜೊತೆಗೂಡಿದರೆ ಅನುಕೂಲ, ಕೆಲವು ಸನ್ನಿವೇಶಗಳಲ್ಲಿ ಅದೇ ಅಪಾಯ ಎಂಬುದನ್ನು ಮೂರು ವರ್ಷಗಳ ಹಾರಾಟ ಅವರಿಗೆ ಕಲಿಸಿತ್ತು.

ಮನೆಯ ಆಟಗಳಲ್ಲಿ ಈ ಇತಿಹಾಸ ಹಿಮ್ಮೊಗವಾಗಿ ನಡೆದಿದೆ ಎನ್ನಬಹುದು. ಬ್ರೂಸ್ ಆರ್ಟ್‌ವಿಕ್ ಎಂಬಾತನ ಕಾರ್ಯಕ್ರಮವನ್ನು ಆಧರಿಸಿ ಮೈಕ್ರೋಸಾಫ್ಟ್ ಸಂಸ್ಥೆ 1982ರಲ್ಲಿ ವಿಮಾನದ ಆಟವನ್ನು ಮಾರುಕಟ್ಟೆಗೆ ತಂದಂದಿನಿಂದ, ಪೆಡಲುಗಳಿಲ್ಲದವರ ಸೌಕರ್ಯಕ್ಕಾಗಿ ಚುಕ್ಕಾಣಿಯನ್ನು ಐಲೆರಾನ್‌ಗೆ ತಾನಾಗಿಯೇ ಜೋಡಿಸಿಕೊಡುವ ಏರ್ಪಾಡು ಇಂಥ ಆಟಗಳಲ್ಲಿ ನೆಲೆನಿಂತಿದೆ. ವಿಲ್ಬರನ ತಂತಿಯೇ ಅದು, ಬೇರೆ ವೇಷದಲ್ಲಿ. ಅದನ್ನು ನೆಚ್ಚಿ ವರ್ಷಗಟ್ಟಲೆ ಆಡಿದವನು ತಿರುವುಗಳನ್ನು ಅಂದವಾಗಿ ತೆಗೆದುಕೊಳ್ಳುತ್ತಾನೆ. ಆದರೆ ಅವನ ಕಾಲುಗಳು ನಿರಕ್ಷರಿಗಳಾಗಿಯೇ ಉಳಿಯುತ್ತವೆ. ಪೆಡಲುಗಳನ್ನು ಕೊಂಡವರಿಗೂ ಇನ್ನೊಂದು ತೊಡಕುಂಟು. ಅವುಗಳೊಳಗಿರುವುದು ಸ್ಪ್ರಿಂಗು. ವಿಮಾನ ನಿಂತಿರಲಿ, ನೂರೈವತ್ತು ಮೈಲಿ ವೇಗದಲ್ಲಿರಲಿ, ಸ್ಪ್ರಿಂಗು ಒಂದೇ ಬಗೆಯಾಗಿ ಕಾಲನ್ನು ತಳ್ಳುತ್ತದೆ. ನಿಜವಾದ ಪುಟ್ಟ ವಿಮಾನದಲ್ಲಿ ಕಾಲಿಗೆ ಎದುರಾಗಿ ನಿಲ್ಲುವುದು ಗಾಳಿ. ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. ವೇಗ ಕುಂದಿದಾಗ ಪೆಡಲು ಹಿಟ್ಟಿನೊಳಗೆ ಕಾಲಿಟ್ಟಂತೆ ಮೆತ್ತಗಾಗುತ್ತದೆ. ಅನುಭವಿಯಾದ ಚಾಲಕ ವೇಗದ ಗಡಿಯಾರವನ್ನು ನೋಡುವುದಕ್ಕೆ ಮುಂಚೆಯೇ ಅವನ ಅಂಗಾಲು ಆ ಸುದ್ದಿಯನ್ನು ತಿಳಿಸಿರುತ್ತದೆ. ಪರದೆಯ ಮೇಲಿನ ಮೋಡಗಳು ಎಷ್ಟೇ ಸೊಗಸಾಗಿರಲಿ, ಈ ಸುದ್ದಿ ಮೇಜಿನ ಕೆಳಗಿನವರೆಗೆ ಇಳಿದುಬರುವುದಿಲ್ಲ.

ಮನೆಯ ಆಟದಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ವಿಮಾನವನ್ನು ಕೆಡಹಿದ ಹುಡುಗ ಊಟಕ್ಕೆ ಎದ್ದು ಹೋಗುತ್ತಾನೆ. ಆದರೆ ಮುನ್ನೂರು ಜನರನ್ನು ಹೊತ್ತು ಹಾರುವವರೂ ತಮ್ಮ ವಿದ್ಯೆಯ ಬಹುಭಾಗವನ್ನು ಇಂದು ಕಲಿಯುವುದು ನೆಲಕ್ಕೆ ಕಟ್ಟಿದ ಅಣಕುವಿಮಾನಗಳಲ್ಲಿಯೇ. ಅಲ್ಲಿ ಚುಕ್ಕಾಣಿ ಸುಳ್ಳಾಡಿದರೆ ಏನಾಗುತ್ತದೆಂಬುದು ಬೇರೆಯೇ ಮಾತು.

ಈ ಅಣಕುವಿಮಾನ ಹುಟ್ಟಿದ ಕಥೆ ಸ್ವಾರಸ್ಯವಾದುದು. ಎಡ್ವಿನ್ ಲಿಂಕ್ ಎಂಬ ಯುವಕನ ತಂದೆಗೆ ನ್ಯೂಯಾರ್ಕ್ ಸಂಸ್ಥಾನದ ಬಿಂಗ್‌ಹ್ಯಾಮ್‌ಟನ್ ಊರಿನಲ್ಲಿ ಪಿಯಾನೋ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆಯಿತ್ತು. ವಿಮಾನ ಕಲಿಯುವ ದುಬಾರಿ ಶುಲ್ಕದಿಂದ ಬೇಸತ್ತಿದ್ದ ಮಗ, ಆರ್ಗನ್ನಿನ ತಿದಿಗಳನ್ನೂ ಗಾಳಿಯ ಪಂಪನ್ನೂ ಬಳಸಿ 1929ರಲ್ಲಿ ಮೋಟು ರೆಕ್ಕೆಯ ಮರದ ಪೆಟ್ಟಿಗೆಯೊಂದನ್ನು ಕಟ್ಟಿದ. ಒಳಗೆ ಕುಳಿತು ಕೋಲನ್ನು ಆಡಿಸಿದರೆ ಪೆಟ್ಟಿಗೆ ವಾಲುವುದು, ಏಳುವುದು, ತಿರುಗುವುದು. ವಿಮಾನ ಶಾಲೆಗಳವರು ಅದನ್ನು ಆಟಿಕೆಯೆಂದು ನಕ್ಕರು. ಅದು ವಿನೋದವನಗಳಲ್ಲಿ ಕಾಸು ಹಾಕಿ ಆಡುವ ವಸ್ತುವಾಗಿ ಬಿಕರಿಯಾಯಿತು. 1934ರಲ್ಲಿ ಅಮೆರಿಕದ ಸೇನಾ ವಿಮಾನದಳಕ್ಕೆ ಟಪಾಲು ಒಯ್ಯುವ ಕೆಲಸ ಬಿದ್ದು, ಮೋಡ ಮಂಜುಗಳಲ್ಲಿ ಹಾರಿ ಅಭ್ಯಾಸವಿಲ್ಲದ ಚಾಲಕರು ಒಬ್ಬರ ಮೇಲೊಬ್ಬರಂತೆ ಮಡಿದಾಗ, ಸೇನೆಗೆ ಆ ಪೆಟ್ಟಿಗೆಯ ನೆನಪಾಯಿತು. ಮೊದಲು ಆರನ್ನು ಕೊಂಡರು. ಎರಡನೆಯ ಮಹಾಯುದ್ಧದ ಕಾಲಕ್ಕೆ ಸಾವಿರಾರು ಪೆಟ್ಟಿಗೆಗಳಾಗಿ, ಲಕ್ಷಗಟ್ಟಲೆ ಯುವಕರು ಅವುಗಳೊಳಗೆ ಕುಳಿತು ಕಲಿತರು.

ಒಂದು ಅಂಶ ಮಾತ್ರ ಮರೆಯತಕ್ಕದ್ದಲ್ಲ. ಲಿಂಕನ ಮೊದಲ ಪೆಟ್ಟಿಗೆಗಳಲ್ಲಿ ವಾಲುವುದು ಬೇರೆ, ತಿರುಗುವುದು ಬೇರೆಯಾಗಿದ್ದುವು. ಪೆಡಲನ್ನು ಒತ್ತಿದರೆ ಪೆಟ್ಟಿಗೆ ಸುಮ್ಮನೆ ಗಿರಕಿ ಹೊಡೆಯುವುದು, ಅಷ್ಟೇ. ನಿಜವಾದ ವಿಮಾನದಲ್ಲಿ ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗದೆ ಇರುವುದಿಲ್ಲ. ಬಲ ಪೆಡಲನ್ನು ಒತ್ತಿದಾಗ ಮೂತಿ ಬಲಕ್ಕೆ ತಿರುಗುತ್ತದೆ. ವಿಮಾನ ಇನ್ನೂ ಹಳೆಯ ದಾರಿಯಲ್ಲೇ ಸಾಗುತ್ತಿರುವುದರಿಂದ ಗಾಳಿ ಅದಕ್ಕೆ ಓರೆಯಾಗಿ ತಾಗುತ್ತದೆ. ಮುಂದೆ ಚಾಚಿದ ಎಡರೆಕ್ಕೆ ಗಾಳಿಯನ್ನು ಹೆಚ್ಚು ನೇರವಾಗಿ ಎದುರಿಸಿ ಮೇಲೇಳುತ್ತದೆ. ಕೊನೆಗೆ ವಿಮಾನ ಬಲಕ್ಕೆ ವಾಲುತ್ತದೆ. ಹಿಂದಕ್ಕೆ ಬಾಗಿದ ರೆಕ್ಕೆಗಳ ದೊಡ್ಡ ಜೆಟ್ ವಿಮಾನಗಳಲ್ಲಿ ಈ ವಾಲುವಿಕೆ ಬಲು ಪ್ರಬಲ. ಅದೂ ಒಡನೆಯೇ ಬರುವುದಿಲ್ಲ, ತುಸು ತಡವಾಗಿ ಬರುತ್ತದೆ. ಆ 'ತುಸು ತಡ'ವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಒತ್ತಿದವನು ಏನೂ ಆಗಲಿಲ್ಲವೆಂದು ಇನ್ನಷ್ಟು ಒತ್ತುತ್ತಾನೆ. ಬಳಿಕ ಒಮ್ಮೆಗೇ ಎಲ್ಲವೂ ಬರುತ್ತದೆ. ಗಾಬರಿಗೊಂಡು ಇನ್ನೊಂದು ಕಾಲನ್ನು ಒತ್ತುತ್ತಾನೆ.

ಇಂದಿನ ಅಣಕುವಿಮಾನ ಈ ಎಲ್ಲ ಕೊಂಡಿಗಳನ್ನೂ ಬಲ್ಲದು. ಆರು ಉಕ್ಕಿನ ಕಾಲುಗಳ ಮೇಲೆ ನಿಂತ ಆ ಕೋಣೆಯೊಳಗೆ ನಿಜವಾದ ಚಾಲಕರ ಪೀಠ, ನಿಜವಾದ ಗುಂಡಿಗಳು, ನಿಜವಾದ ಪೆಡಲುಗಳು. ಅದರ ಪಾಂಡಿತ್ಯವೆಲ್ಲ ಅಡಗಿರುವುದು ಅಂಕಿಗಳಲ್ಲಿ. ಹೊಸ ಮಾದರಿಯ ವಿಮಾನವನ್ನು ಪರೀಕ್ಷಾಚಾಲಕರು ಹಾರಿಸಿ, ಇಷ್ಟು ವೇಗದಲ್ಲಿ ಚುಕ್ಕಾಣಿ ಇಷ್ಟು ಹೊರಳಿದರೆ ಮೂತಿ ಎಷ್ಟು ತಿರುಗಿತು, ಎಷ್ಟು ಹೊತ್ತಿಗೆ ರೆಕ್ಕೆ ವಾಲಿತು ಎಂದು ಅಳೆದು ತಂದ ಅಂಕಿಗಳು ಅವು. ಅಳೆದು ತಂದಷ್ಟಕ್ಕೆ ಯಂತ್ರ ಸಾಕ್ಷಿಯಂತೆ ನುಡಿಯುತ್ತದೆ. ಬೆಂಗಳೂರಿನಲ್ಲಿಯೂ, ಮುಂದೆ 'ತೇಜಸ್' ಎಂದು ಹೆಸರಾದ ಲಘು ಯುದ್ಧವಿಮಾನ 2001ರ ಜನವರಿ 4ರಂದು ಮೊದಲು ಮೇಲೇರುವುದಕ್ಕೆ ಮುನ್ನ, ವೈಮಾನಿಕ ಅಭಿವೃದ್ಧಿ ಸಂಸ್ಥೆಯ ಅಣಕುಯಂತ್ರದಲ್ಲಿ ಪರೀಕ್ಷಾಚಾಲಕರು ಅದರ ಗುಣದೋಷಗಳನ್ನು ಕುಳಿತು ನೋಡಿದ್ದರು. ಆದರೆ ಪ್ರಯಾಣಿಕರ ವಿಮಾನವನ್ನು ಯಾವ ಪರೀಕ್ಷಾಚಾಲಕನೂ ಅಂಗಾತ ಮಗುಚಿ ಅಳತೆ ತೆಗೆದುಕೊಂಡು ಬರುವುದಿಲ್ಲ. ಆ ಸೀಮೆಯಲ್ಲಿ ಯಂತ್ರ ಹೇಳುವುದು ಊಹೆ. ಕಷ್ಟವೆಂದರೆ, ಸಾಕ್ಷಿ ನುಡಿದ ಅದೇ ಗಂಭೀರ ಕಂಠದಲ್ಲಿ ಅದು ಊಹೆಯನ್ನೂ ನುಡಿಯುತ್ತದೆ. ಒಳಗೆ ಕುಳಿತವನಿಗೆ ಎರಡಕ್ಕೂ ವ್ಯತ್ಯಾಸ ತಿಳಿಯುವಂತಿಲ್ಲ.

ಇನ್ನೊಂದು ಕೊರತೆ ಮೈಗೆ ಸಂಬಂಧಿಸಿದ್ದು. ಚಾಲಕ ಕುಳಿತಿರುವುದು ವಿಮಾನದ ತೀರ ಮುಂಭಾಗದಲ್ಲಿ. ಬಾಲದಲ್ಲಿ ಚುಕ್ಕಾಣಿ ಬಲವಾಗಿ ಹೊರಳಿದರೆ, ಉದ್ದ ಕೋಲಿನ ತುದಿಯಲ್ಲಿ ಕುಳಿತವನಂತೆ ಅವನು ಪಕ್ಕಕ್ಕೆ ಎಸೆಯಲ್ಪಡುತ್ತಾನೆ. ಆರು ಕಾಲುಗಳ ಕೋಣೆ ಪಕ್ಕಕ್ಕೆ ಸರಿಯಬಲ್ಲ ದೂರ ಅತ್ಯಲ್ಪ. ಒಂದು ಸಣ್ಣ ನೂಕು ಕೊಟ್ಟು, ಮೆಲ್ಲನೆ ಓರೆಯಾಗಿ, ಭೂಮಿಯ ಸೆಳೆತವನ್ನೇ ಪಕ್ಕದ ಸೆಳೆತವೆಂದು ನಂಬಿಸಿ ಅದು ಕಾಲಹರಣ ಮಾಡಬೇಕು. ಸೌಮ್ಯವಾದ ಹಾರಾಟಕ್ಕೆ ಈ ಉಪಾಯ ಸಾಕು. ಚುಕ್ಕಾಣಿಯ ರಭಸಕ್ಕೆ ಸಾಲದು.

ಈ ಕೊರತೆಗಳು ಪುಸ್ತಕದ ಮಾತಾಗಿ ಉಳಿಯದೆ ಜೀವಗಳ ಮಾತಾದುದು ಹೀಗೆ. 1991ರಲ್ಲಿ ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿಯೂ, 1994ರಲ್ಲಿ ಪಿಟ್ಸ್‌ಬರ್ಗ್ ಸಮೀಪದಲ್ಲಿಯೂ ಎರಡು ಬೋಯಿಂಗ್ 737 ವಿಮಾನಗಳು ಇದ್ದಕ್ಕಿದ್ದಂತೆ ಮಗುಚಿ ನೆಲಕ್ಕಪ್ಪಳಿಸಿದುವು. ಎರಡರಲ್ಲಿ ಸೇರಿ 157 ಮಂದಿ ಸತ್ತರು. ಚುಕ್ಕಾಣಿಯನ್ನು ಆಡಿಸುವ ಕವಾಟ ಸಿಕ್ಕಿಕೊಂಡು, ಒತ್ತಿದ ದಿಕ್ಕಿಗೆ ವಿರುದ್ಧವಾಗಿ ಚುಕ್ಕಾಣಿ ಹೊರಳಿದ್ದೇ ಬಹುಮಟ್ಟಿಗೆ ಕಾರಣವೆಂಬುದು ಸ್ಪಷ್ಟವಾಗಲು ವರ್ಷಗಳೇ ಹಿಡಿದುವು. ಈ ನಡುವೆ, ಕಾರಣ ಏನೇ ಇರಲಿ, ಮಗುಚಿದ ವಿಮಾನವನ್ನು ಸರಿಪಡಿಸುವ ವಿದ್ಯೆಯನ್ನು ಚಾಲಕರಿಗೆ ಕಲಿಸಬೇಕೆಂಬ ಒತ್ತಾಯ ಎದ್ದಿತು. ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆ ಅದಕ್ಕಾಗಿ ವಿಶೇಷ ತರಬೇತಿಯೊಂದನ್ನು ಆರಂಭಿಸಿತು. ಉದ್ದೇಶ ಒಳ್ಳೆಯದೇ, ಉಳಿದ ಸಂಸ್ಥೆಗಳವರೂ ಅದನ್ನು ಮೆಚ್ಚಿಕೊಂಡರು.

ಆ ತರಬೇತಿಯಲ್ಲಿ ಒಂದು ಪಾಠವಿತ್ತು. ಮುಂದೆ ಹೋದ ಭಾರಿ ಜೆಟ್ ವಿಮಾನದ ರೆಕ್ಕೆಗಳಿಂದ ಎದ್ದ ಸುಳಿಗಾಳಿಗೆ ಹಿಂದಿನ ವಿಮಾನ ಸಿಕ್ಕಿಕೊಂಡಿತೆಂದು ಊಹೆ. ಅಣಕುವಿಮಾನ ಮೊದಲು ಒಂದು ಬದಿಗೆ ತುಸು ವಾಲಿ, ಬಳಿಕ ಇನ್ನೊಂದು ಬದಿಗೆ ರೆಕ್ಕೆ ಆಕಾಶಕ್ಕೆ ನಿಲ್ಲುವಷ್ಟು ಮಗುಚುವುದು. ಚಾಲಕ ಥಟ್ಟನೆ ಸರಿಪಡಿಸಿಬಿಟ್ಟರೆ ಪಾಠವೇ ನಡೆಯುವುದಿಲ್ಲವಲ್ಲ! ಅದಕ್ಕಾಗಿ, ಸಾಕಷ್ಟು ಮಗುಚುವವರೆಗೂ ಅವನ ಕೈಚಕ್ರವಾಗಲಿ ಪೆಡಲಾಗಲಿ ಕೆಲಸ ಮಾಡದಂತೆ ಯಂತ್ರದೊಳಗೇ ತಡೆಹಾಕಿದ್ದರು. ನಾಟಕದ ದೃಷ್ಟಿಯಿಂದ ಇದು ಸರಿಯೇ. ರಾಕ್ಷಸ ಬೇಗ ಸತ್ತರೆ ಆಟ ಕಳೆಗಟ್ಟದು. ಆದರೆ ಒಳಗೆ ಕುಳಿತವನಿಗೆ ತಡೆಯ ಸುದ್ದಿ ತಿಳಿಯದು. ಸುಳಿಗಾಳಿಗೆ ಸಿಕ್ಕ ದೊಡ್ಡ ವಿಮಾನ ಹೀಗೆ ಮಗುಚುತ್ತದೆ, ಕೈಚಕ್ರವೊಂದರಿಂದ ಅದು ಸರಿಹೋಗದು, ಕಾಲನ್ನೂ ಬಳಸಬೇಕು ಎಂದು ಅವನ ಮೈ ಕಲಿಯುತ್ತಿತ್ತು. ಈ ಮೂರೂ ಅಷ್ಟು ದೊಡ್ಡ ವಿಮಾನದ ಮಟ್ಟಿಗೆ ನಿಜವಲ್ಲ. ಸುಳಿಗಾಳಿ ಅದನ್ನು ಕುಲುಕುತ್ತದೆ, ಸ್ವಲ್ಪ ವಾಲಿಸುತ್ತದೆ, ಕೈಚಕ್ರ ಸಾಕು.

ಆಕ್ಷೇಪಣೆ ಬಾರದಿರಲಿಲ್ಲ. 1997ರ ಆಗಸ್ಟಿನಲ್ಲಿ ಅಮೆರಿಕದ ವಿಮಾನಯಾನ ಆಡಳಿತದವರೂ, ಬೋಯಿಂಗ್, ಏರ್‌ಬಸ್ ಮುಂತಾದ ತಯಾರಕರೂ ಕೂಡಿ ಆ ಸಂಸ್ಥೆಗೆ ಒಂದು ಪತ್ರ ಬರೆದರು. ಚುಕ್ಕಾಣಿಗೆ ಕೊಟ್ಟಿರುವ ಒತ್ತು ಹೆಚ್ಚಾಯಿತು. ಅಣಕುವಿಮಾನವನ್ನು ಅದರ ಅಳತೆಯ ಅಂಕಿಗಳಾಚೆಗೆ ಒಯ್ದರೆ ಅದು ತೋರಿಸುವುದನ್ನು ನಂಬಲಾಗದು ಎಂಬುದು ಅದರ ಸಾರ. ಸಂಸ್ಥೆ ತನ್ನ ಪಾಠವನ್ನು ಸಮರ್ಥಿಸಿಕೊಂಡು ಉತ್ತರ ಬರೆಯಿತು. ಅದೇ ವರ್ಷದ ಮೇ 12ರಂದು ಫ್ಲಾರಿಡಾದ ಮೇಲೆ ಅದರದೇ ಏರ್‌ಬಸ್ ಎ300 ವಿಮಾನವೊಂದು ವೇಗ ಕಳೆದುಕೊಂಡು ತತ್ತರಿಸಿದಾಗ ಚುಕ್ಕಾಣಿ ಅತ್ತಿತ್ತ ಬಲವಾಗಿ ಹೊರಳಿ, ಬಾಲದ ನಿಲುವು ರೆಕ್ಕೆಯ ಮೇಲೆ ತಾಳಲಾರದಷ್ಟು ಹೊರೆ ಬಿದ್ದಿತ್ತು. ಅದೃಷ್ಟವಶಾತ್ ಆ ರೆಕ್ಕೆ ಕಳಚಲಿಲ್ಲ. ವಿಮಾನ ಮಯಾಮಿಯಲ್ಲಿ ಇಳಿಯಿತು. ಹೊರೆಯ ಪೂರ್ಣ ಲೆಕ್ಕ ಹಾಕಿ ನೋಡಿದ್ದು ಮಾತ್ರ ಇನ್ನೊಂದು ವಿಮಾನ ಬಿದ್ದ ಮೇಲೆ.

ಆ ಇನ್ನೊಂದು ವಿಮಾನ ನ್ಯೂಯಾರ್ಕಿನ ಕೆನಡಿ ನಿಲ್ದಾಣದಿಂದ ಹೊರಟುದು 2001ರ ನವೆಂಬರ್ 12ರ ಬೆಳಗ್ಗೆ 9 ಗಂಟೆ 14 ನಿಮಿಷಕ್ಕೆ. 587 ಎಂಬುದು ಅದರ ಸಂಖ್ಯೆ. ಏರ್‌ಬಸ್ ಎ300-600 ಜಾತಿಯದು. ಡೊಮಿನಿಕನ್ ಗಣರಾಜ್ಯದ ಸಾಂಟೊ ಡೊಮಿಂಗೊ ನಗರಕ್ಕೆ ಹೊರಟ 251 ಪ್ರಯಾಣಿಕರೂ 9 ಮಂದಿ ಸಿಬ್ಬಂದಿಯೂ ಅದರಲ್ಲಿದ್ದರು. ಬಹು ಮಂದಿ ತವರಿಗೆ ಹೊರಟವರು. ಆಕಾಶ ನಿರ್ಮಲವಾಗಿತ್ತು. ಮುಂದೆ ಜಪಾನಿನ ಭಾರಿ 747 ವಿಮಾನವೊಂದು ಹೋಗಿತ್ತು. ನಡುವಿನ ಅಂತರ ನಿಯಮಕ್ಕೆ ಕಡಿಮೆಯೇನೂ ಇರಲಿಲ್ಲ. ವಿಮಾನವನ್ನು ಹಾರಿಸುತ್ತಿದ್ದವನು ಸಹಚಾಲಕ. ಜೊತೆಗಾರರೆಲ್ಲ ಒಳ್ಳೆಯ ಚಾಲಕನೆಂದು ಹೊಗಳಿದವನು. ಒಬ್ಬ ಹಿರಿಯ ಚಾಲಕ ಮಾತ್ರ ಹಿಂದೊಂದು ಪ್ರಯಾಣವನ್ನು ನೆನೆದುಕೊಂಡ: ಬೋಯಿಂಗ್ 727ರಲ್ಲಿ ಸುಳಿಗಾಳಿ ತಾಗಿದಾಗ ಈತ ಪೆಡಲುಗಳನ್ನು ಬಿರುಸಾಗಿ ತುಳಿದಿದ್ದ, ಏಕೆಂದು ಕೇಳಿದರೆ, ತರಬೇತಿಯಲ್ಲಿ ಹಾಗೆಯೇ ಕಲಿಸಿದ್ದಾರೆಂದು ಉತ್ತರಿಸಿದ್ದ.

ಹೊರಟು ಎರಡು ನಿಮಿಷವೂ ಕಳೆದಿರಲಿಲ್ಲ. ಸುಮಾರು 2,500 ಅಡಿ ಎತ್ತರದಲ್ಲಿ, 250 ನಾಟ್ ವೇಗದಲ್ಲಿದ್ದಾಗ, 747ರ ಸುಳಿಗಾಳಿ ಎರಡನೆಯ ಬಾರಿ ತಾಗಿತು. ಬರಿಯ ಕುಲುಕಾಟ. ಸಹಚಾಲಕ ಕೈಚಕ್ರವನ್ನು ತಿರುಗಿಸಿದ್ದಲ್ಲದೆ ಬಲ ಪೆಡಲನ್ನು ಕೊನೆಯವರೆಗೂ ಒತ್ತಿದ. ವಿಮಾನ ಹೊರಳಿತು. ಎಡ ಪೆಡಲನ್ನು ಒತ್ತಿದ. ಮತ್ತೆ ಬಲ, ಮತ್ತೆ ಎಡ, ಮತ್ತೆ ಬಲ. ಸುಳಿಗಾಳಿ ಆಗಲೇ ದಾಟಿಹೋಗಿತ್ತು. ವಿಮಾನವನ್ನು ಆಗ ಎಸೆದಾಡುತ್ತಿದ್ದುದು ಅವನದೇ ಪಾದಗಳು. ತನ್ನನ್ನು ಹಿಡಿದಿರುವುದು ಇನ್ನೂ ಆ ಸುಳಿಗಾಳಿಯೆಂದೇ ಅವನು ಭಾವಿಸಿದ್ದಿರಬಹುದು. ತರಬೇತಿಯ ಕೋಣೆಯಲ್ಲಿ ಕೈಕಾಲು ಆಡಿಸಿದರೂ ಮಗುಚುತ್ತಲೇ ಹೋದ ಆ ವಿಮಾನ ಅವನ ನೆನಪಿನಲ್ಲಿರದೆ ಹೇಗಿದ್ದೀತು? ಏಳು ಸೆಕೆಂಡುಗಳೊಳಗೆ, 9 ಗಂಟೆ 15 ನಿಮಿಷ 58ನೆಯ ಸೆಕೆಂಡಿಗೆ, ಬಾಲದ ನಿಲುವು ರೆಕ್ಕೆ ಬುಡಸಹಿತ ಕಿತ್ತು ಜಮೈಕಾ ಕೊಲ್ಲಿಯ ನೀರಿಗೆ ಬಿದ್ದಿತು. ವಿಮಾನ ಬೆಲ್ ಹಾರ್ಬರ್ ಬಡಾವಣೆಯ ಮನೆಗಳ ಮೇಲೆ ಬಿದ್ದಿತು. ಒಳಗಿದ್ದ 260 ಜನರೂ, ನೆಲದ ಮೇಲಿದ್ದ ಐವರೂ ಹೋದರು. ಸೆಪ್ಟೆಂಬರ್ 11ರ ದುರಂತ ಕಳೆದು ಎರಡು ತಿಂಗಳಾಗಿದ್ದ ಆ ನಗರ, ಇದೂ ವೈರಿಗಳ ಕೃತ್ಯವೇ ಎಂದು ನಡುಗಿತು.

ತನಿಖೆಯವರಿಗೆ ಸಿಕ್ಕ ಸಂಗತಿಗಳಲ್ಲಿ ಪೆಡಲಿನದು ಅತ್ಯಂತ ವಿಚಿತ್ರವಾದುದು. ಎ300-600 ವಿಮಾನದಲ್ಲಿ ವೇಗ ಹೆಚ್ಚಿದಂತೆ ಚುಕ್ಕಾಣಿ ಅತಿಯಾಗಿ ಹೊರಳದಂತೆ ಪೆಡಲಿನ ಓಟವನ್ನೇ ಮೊಟಕುಗೊಳಿಸುತ್ತಾರೆ. ವೇಗ ಕಡಿಮೆಯಿದ್ದಾಗ ಪೆಡಲು ಕೊನೆ ಮುಟ್ಟಬೇಕಾದರೆ 4 ಅಂಗುಲ ಹೋಗಬೇಕು, 65 ಪೌಂಡಿನಷ್ಟು ಬಲ ಬೇಕು. 250 ನಾಟ್ ವೇಗದಲ್ಲಿ 1.2 ಅಂಗುಲ ಸಾಕು, 32 ಪೌಂಡು ಸಾಕು. ಪೆಡಲು ಅಲುಗಾಡಲು ತೊಡಗುವುದಕ್ಕೇ 22 ಪೌಂಡು ಬೇಕೆಂಬುದನ್ನು ಇದರೊಡನೆ ಕೂಡಿಸಿ ನೋಡಬೇಕು. ಎಂದರೆ, ಪೆಡಲು ಕದಲಿದ ಗಳಿಗೆಗೂ ಕೊನೆ ಮುಟ್ಟಿದ ಗಳಿಗೆಗೂ ನಡುವೆ ಇದ್ದುದು ಬರಿಯ 10 ಪೌಂಡಿನ ಅಂತರ. ಅಡಿಗೆಮನೆಯ ಅಕ್ಕಿಚೀಲಕ್ಕಿಂತ ಹಗುರ. ಆತಂಕದಲ್ಲಿರುವ ಮನುಷ್ಯನ ಕಾಲು ಅಷ್ಟು ನವಿರಾದ ತೂಕವನ್ನು ತೂಗಬಲ್ಲುದೆ? ಸಣ್ಣ ವಿಮಾನದಲ್ಲಿ ವೇಗ ಏರಿದಷ್ಟೂ ಕಾಲಿಗೆ ಅಡ್ಡಿ ಏರುತ್ತದೆ. ಇಲ್ಲಿ ಲೆಕ್ಕ ತಲೆಕೆಳಗಾಗಿತ್ತು. ಇಡೀ ಚುಕ್ಕಾಣಿ ಒಂದೂಕಾಲು ಅಂಗುಲದೊಳಗೆ ಅಡಗಿದೆಯೆಂಬ ಸೂಚನೆ ಅವನ ಪಾದಕ್ಕೆ ಎಲ್ಲಿಂದಲೂ ಬರುವಂತಿರಲಿಲ್ಲ.

ಬಾಲದ ರೆಕ್ಕೆಯನ್ನು ಕಟ್ಟಿದವರ ಮೇಲೂ ಸಂಶಯ ಹೋಯಿತು. ಆದರೆ ಅದು ದುರ್ಬಲವಾಗಿರಲಿಲ್ಲ. ಹಾರಾಟದಲ್ಲಿ ಬೀಳಬಹುದಾದ ಅತಿ ಹೆಚ್ಚಿನ ಹೊರೆಯ ಒಂದೂವರೆ ಪಾಲನ್ನು ತಡೆಯುವಂತೆ ಅದನ್ನು ಕಟ್ಟಬೇಕೆಂಬುದು ನಿಯಮ. ಅದು ಮುರಿದುದು ಸುಮಾರು ಎರಡು ಪಾಲು ಬಿದ್ದಾಗ. ಪೆಡಲನ್ನು ಒಂದು ಕಡೆಗೆ ಪೂರ್ತಿ ಒತ್ತಿ, ಬಳಿಕ ಬಿಟ್ಟರೆ ಏನಾಗುತ್ತದೆಂಬುದಕ್ಕೆ ಆಗಿನ ನಿಯಮಗಳಲ್ಲಿ ಲೆಕ್ಕವಿತ್ತು. ಒಂದು ಕಡೆ ಒತ್ತಿ, ವಿಮಾನ ಓರೆಯಾಗಿರುವಾಗಲೇ ಇನ್ನೊಂದು ಕಡೆ ಒತ್ತಿ, ಹೀಗೆ ತೂಗುಯ್ಯಾಲೆಯನ್ನು ಜೀಕಿದಂತೆ ಜೀಕಿದರೆ ಏನಾಗುತ್ತದೆಂಬುದಕ್ಕೆ ಲೆಕ್ಕವೇ ಇರಲಿಲ್ಲ. ಇಂತಿಷ್ಟು ವೇಗಕ್ಕಿಂತ ಕೆಳಗಿದ್ದರೆ ಪೆಡಲನ್ನು ಹೇಗೆ ತುಳಿದರೂ ವಿಮಾನ ಮುರಿಯದೆಂಬ ನಂಬಿಕೆ ಜಗತ್ತಿನ ಚಾಲಕರಲ್ಲಿ ಹರಡಿತ್ತು. ಯಾವ ಶಾಲೆಯೂ ಅದನ್ನು ತಿದ್ದಿರಲಿಲ್ಲ.

ಅಣಕುವಿಮಾನ ತಿದ್ದುವ ಬಗೆಯಂತೂ ಇರಲೇ ಇಲ್ಲ. ಅದರೊಳಗೆ ಚುಕ್ಕಾಣಿಯನ್ನು ಐದು ಬಾರಿಯಲ್ಲ, ಐವತ್ತು ಬಾರಿ ಅತ್ತಿತ್ತ ತುಳಿದರೂ ಬಾಲ ಮುರಿಯುವುದಿಲ್ಲ. ಅದಕ್ಕೆ ಬಾಲವೇ ಇಲ್ಲ. ಬಾಲದ ಬುಡದಲ್ಲಿ ಎಷ್ಟು ಹೊರೆ ಬಿತ್ತೆಂದು ತೋರಿಸುವ ಒಂದು ಮುಳ್ಳೂ ಆ ಕೋಣೆಯಲ್ಲಿ ಇರುತ್ತಿರಲಿಲ್ಲ. ಪಾಠ ಚೆನ್ನಾಗಿ ಒಪ್ಪಿಸಿದ ಶಿಷ್ಯ ಶಹಬ್ಬಾಸ್ ಎನಿಸಿಕೊಂಡು ಕಾಫಿಗೆ ಹೊರಡುತ್ತಿದ್ದ. ಆ ಏಳು ಸೆಕೆಂಡುಗಳು ಚಾಲಕರ ಮೈಗೆ ನಿಜವಾಗಿ ಹೇಗಿದ್ದುವೆಂದು ತಿಳಿಯಲು ತನಿಖೆಯವರು ಕಡೆಗೆ ಕ್ಯಾಲಿಫೋರ್ನಿಯಾದಲ್ಲಿರುವ ನಾಸಾ ಸಂಸ್ಥೆಯ ಏಮ್ಸ್ ಕೇಂದ್ರಕ್ಕೆ ಹೋಗಬೇಕಾಯಿತು. ಅಲ್ಲಿ 60 ಅಡಿ ಮೇಲೆ ಕೆಳಗೆ, 40 ಅಡಿ ಪಕ್ಕಕ್ಕೆ ಸರಿಯಬಲ್ಲ, ಮನೆಯಷ್ಟೆತ್ತರದ ಕಂಬಗಳ ನಡುವೆ ಓಡಾಡುವ ಅಣಕುಯಂತ್ರವಿದೆ. ಸಾಮಾನ್ಯ ತರಬೇತಿಯ ಕೋಣೆ ಕೊಡಲಾರದ ಎಸೆತ ಅಲ್ಲಿ ಸಿಕ್ಕೀತು.

2004ರ ಅಕ್ಟೋಬರಿನಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತೀರ್ಮಾನ ಕೊಟ್ಟಿತು. ಸಹಚಾಲಕನ ಅನವಶ್ಯಕವೂ ಅತಿಯೂ ಆದ ಪೆಡಲಿನ ಬಳಕೆಯೇ ಕಾರಣ. ಆ ವಿಮಾನದ ಚುಕ್ಕಾಣಿಯ ರಚನೆಯೂ, ಸಂಸ್ಥೆಯ ಆ ವಿಶೇಷ ತರಬೇತಿಯ ಕೆಲವು ಅಂಶಗಳೂ ಅದಕ್ಕೆ ನೆರವಾದುವು ಎಂದು. ವಿಮಾನ ಸಂಸ್ಥೆ ಪೆಡಲಿನ ಸೂಕ್ಷ್ಮತೆಯನ್ನು ದೂರಿತು. ತಯಾರಕರು ತರಬೇತಿಯನ್ನು ದೂರಿದರು. ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಸತ್ತವನು ಮಾತ್ರ ತನ್ನ ಪರವಾಗಿ ಏನನ್ನೂ ಹೇಳುವಂತಿರಲಿಲ್ಲ. ಅವನ ಪಾದಗಳ ದೋಷವನ್ನು ಮೊದಲ ಸಾಲಿನಲ್ಲಿ ಬರೆದು, ಆ ಪಾದಗಳಿಗೆ ಪಾಠ ಹೇಳಿದ ಯಂತ್ರವನ್ನು ಕೆಳಗಿನ ಸಾಲಿಗೆ ಇಳಿಸಿದ ಆ ಕ್ರಮ ನ್ಯಾಯವೇ ಎಂದು ಕೇಳುವವರು ಈಗಲೂ ಉಂಟು; ಕೇಳುವುದು ತಪ್ಪೂ ಅಲ್ಲ.

ಬಳಿಕ ನಿಯಮಗಳು ಒಂದೊಂದಾಗಿ ಬದಲಾದುವು. ಯಾವ ವೇಗದಲ್ಲೇ ಆಗಲಿ ಪೆಡಲನ್ನು ಅತ್ತಿತ್ತ ಬಲವಾಗಿ ತುಳಿದರೆ ವಿಮಾನ ಮುರಿಯಬಹುದೆಂಬ ಎಚ್ಚರಿಕೆಯನ್ನು ಕೈಪಿಡಿಗಳಲ್ಲಿ ಬರೆಯುವಂತೆ 2010ರಲ್ಲಿ ವಿಧಿಸಿದರು. ಪೆಡಲನ್ನು ಹಿಂದುಮುಂದಾಗಿ ಒತ್ತಿದಾಗಿನ ಹೊರೆಯನ್ನೂ ಹೊಸ ವಿಮಾನಗಳ ರಚನೆಯಲ್ಲಿ ಲೆಕ್ಕಕ್ಕೆ ಹಿಡಿಯಬೇಕೆಂಬ ನಿಯಮ ಅಮೆರಿಕದಲ್ಲಿ ಬಂದುದು 2022ರಲ್ಲಿ. ದುರಂತ ಕಳೆದು ಇಪ್ಪತ್ತೊಂದು ವರ್ಷಗಳಾದ ಮೇಲೆ. ಮಗುಚಿದ ವಿಮಾನವನ್ನು ಸರಿಪಡಿಸುವ ತರಬೇತಿಯನ್ನು ಯಾರೂ ಕೈಬಿಡಲಿಲ್ಲ. 2009ರಲ್ಲಿ ಬಫೆಲೋ ನಗರದ ಬಳಿ ಇನ್ನೊಂದು ವಿಮಾನ ವೇಗ ಕಳೆದುಕೊಂಡು ಬಿದ್ದು 50 ಮಂದಿ ಸತ್ತ ಮೇಲೆ ಅದು ಕಡ್ಡಾಯವೇ ಆಯಿತು. ಈಗ ಅದನ್ನು ಕಲಿಸುವಾಗ ಕೈಚಕ್ರಕ್ಕೆ ಮೊದಲ ಸ್ಥಾನ, ಪೆಡಲಿಗೆ ಕಟ್ಟಕಡೆಯ ಸ್ಥಾನ.

ಅಣಕುವಿಮಾನದೊಳಗೂ ಒಂದು ಮಾರ್ಪಾಟಾಗಿದೆ. 2016ರ ಅಮೆರಿಕದ ನಿಯಮಗಳಂತೆ, ಇಂಥ ಪಾಠಕ್ಕೆ ಬಳಸುವ ಯಂತ್ರದಲ್ಲಿ ಚಾಲಕರ ಬೆನ್ನ ಹಿಂದೆ ಕುಳಿತ ಶಿಕ್ಷಕನ ಮುಂದೆ ಒಂದು ಚಿತ್ರ ಮೂಡಬೇಕು. ಅದರಲ್ಲಿ ಒಂದು ಗೆರೆಯ ಆವರಣವಿದೆ. ಆವರಣದೊಳಗಿರುವುದು ಅಳೆದು ತಂದ ಅಂಕಿಗಳ ಸೀಮೆ, ಹೊರಗಿರುವುದು ಊಹೆಯ ಸೀಮೆ. ವಿಮಾನ ಈ ಗಳಿಗೆಯಲ್ಲಿ ಎಲ್ಲಿದೆಯೆಂಬುದನ್ನು ಒಂದು ಗುರುತು ತೋರಿಸುತ್ತದೆ. ಶಿಷ್ಯ ಪೆಡಲನ್ನು ಎಷ್ಟು ಒತ್ತಿದ, ವಿಮಾನದ ಮಿತಿಯನ್ನು ಎಲ್ಲಿ ಮೀರಿದ ಎಂಬುದೂ ಪಕ್ಕದಲ್ಲೇ ದಾಖಲಾಗುತ್ತದೆ. ಗುರುತು ಗೆರೆಯನ್ನು ದಾಟಿತೆಂದರೆ, ಅಲ್ಲಿಂದಾಚೆಗೆ ಯಂತ್ರ ತೋರಿಸಿದ್ದಾವುದೂ ಪಾಠವಲ್ಲವೆಂದು ಶಿಕ್ಷಕ ಶಿಷ್ಯನಿಗೆ ತಿಳಿಸಬಹುದು.